ಒದ್ದೆ ಮಡಚಿದ ಡೇರೆ

ವರ್ಲಿನ್ ಟಾಲಫ್ಸನ್‌ಗೆ ದೇವರ ಭಯಕ್ಕಿಂತ ಇಲಿಯ ಭಯ ಹೆಚ್ಚು. ದೇವರಾದರೆ ಭಾನುವಾರ ಚರ್ಚಿಗೆ ಹೋಗಿ ಕೂತು ಎದ್ದು ಬಂದರೆ ಸಮಾಧಾನವಾಗಿಬಿಡುತ್ತಾನೆ, ಇಲಿಗೆ ಯಾವ ವಾರವೂ ಇಲ್ಲ, ಕ್ಯಾನ್ವಾಸು ಸಿಕ್ಕಿತೋ ಹಬ್ಬ. ಇದನ್ನು ಅವನು ನಗದೆ ಹೇಳುತ್ತಿದ್ದ. ನಾರ್ಬಿ ಊರಿನ ಈ ನಾರ್ವೆ ಮೂಲದ ಜನ ತಮಾಷೆ ಮಾಡುವಾಗ ನಗುವುದಿಲ್ಲ, ದುಃಖ ಬಂದಾಗ ಅಳುವುದಿಲ್ಲ. ಎರಡಕ್ಕೂ ಸೇರಿಸಿ "ಪರವಾಗಿಲ್ಲ" ಎಂಬ ಒಂದೇ ಮಾತನ್ನು ಅವರ ಮುತ್ತಾತಂದಿರು ಹಡಗಿನಲ್ಲಿ ಹೊತ್ತು ತಂದು ವಿಸ್ಕಾನ್ಸಿನ್ನಿನ ಗುಡ್ಡಗಳ ನಡುವೆ ಇಳಿಸಿ ಹೋದರು. ಇವರು ಇವತ್ತಿಗೂ ಅದರಲ್ಲೇ ಸಂಸಾರ ಮಾಡುತ್ತಿದ್ದಾರೆ.

ವರ್ಲಿನ್ ಇಷ್ಟು ಜತನ ಮಾಡುತ್ತಿದ್ದದ್ದು ತನ್ನ ಡೇರೆಗಾಡಿಯನ್ನು. ಮಡಚಿದಾಗ ಅದು ಚಕ್ರದ ಮೇಲಿಟ್ಟ ಒಂದು ಚಪ್ಪಟೆ ಪೆಟ್ಟಿಗೆ. ಕಾರಿನ ಹಿಂದೆ ಕಟ್ಟಿ ಕೆರೆಯ ದಡಕ್ಕೆ ಎಳೆದುಕೊಂಡು ಹೋಗಿ ಹಿಡಿ ತಿರುಗಿಸಿದರೆ ಮುಚ್ಚಳ ಮೇಲೇಳುತ್ತದೆ, ಎರಡು ಕಡೆಯೂ ಮಂಚಗಳು ಡ್ರಾಯರಿನ ಹಾಗೆ ಹೊರಗೆ ಬರುತ್ತವೆ, ಸುತ್ತಲೂ ಕ್ಯಾನ್ವಾಸಿನ ಗೋಡೆ ನಿಂತುಕೊಳ್ಳುತ್ತದೆ. ಅಲ್ಲಿಗೆ ಅರಮನೆ ತಯಾರು. ಬೇಸಿಗೆ ಕಳೆದು ಸೆಪ್ಟೆಂಬರು ಮುಗಿಯಲು ಬಂತೆಂದರೆ ವರ್ಲಿನ್‌ನ ಮಡಿ ಶುರುವಾಗುತ್ತಿತ್ತು. ಡೇರೆಯನ್ನು ಅಂಗಳದಲ್ಲಿ ಬಿಚ್ಚಿ ಬಿಸಿಲಿಗೆ ಒಣಗಿಸಿ, ಹೊಲಿಗೆ ಹೊಲಿಗೆಗೂ ಬ್ರಶ್ಶು ತಿಕ್ಕಿ, ಕೊಳವೆಯ ನೀರೆಲ್ಲ ಬಸಿದು, ಹಾಸಿಗೆಗಳನ್ನು ಅಟ್ಟಕ್ಕೆ ಹಾಕಿ, ಮೂಲೆ ಮೂಲೆಗೆ ಇಲಿ ವಾಸನೆಗೇ ಓಡುವಂಥ ಸೋಪಿನ ತುಂಡು ಇಟ್ಟು, ಇಲಿ ತೂರಬಹುದಾದ ಸಂದಿಗೆಲ್ಲ ಪಾತ್ರೆ ಉಜ್ಜುವ ಕಬ್ಬಿಣದ ನಾರು ತುರುಕುತ್ತಿದ್ದ. ಎಲ್ಲಾದರೂ ಒಂದು ಬಿಸ್ಕತ್ತಿನ ಪುಡಿ ಸಿಕ್ಕಿತೋ, ಹೆಂಡತಿ ಆರ್ಡಿಸ್‌ಗೆ ಮಂಗಳಾರತಿ. ಎಲ್ಲಕ್ಕಿಂತ ಮೊದಲನೆಯ ನೇಮ ಒಂದೇ, ಡೇರೆಯನ್ನು ಒದ್ದೆಯಾಗಿ ಮಡಚಿಡಬಾರದು. ಒದ್ದೆ ಮಡಚಿದರೆ ಚಳಿಗಾಲ ಕಳೆಯುವುದರೊಳಗೆ ಒಳಗೊಳಗೇ ಬೂಷ್ಟು ಹಿಡಿದು, ಬಟ್ಟೆ ಕೊಳೆತು, ಮುಟ್ಟಿದರೆ ಹರಿಯುತ್ತದೆ. ಅದಕ್ಕೆ ಮದ್ದಿಲ್ಲ.

ಅಷ್ಟೊಂದು ಪ್ರೀತಿ ಯಾಕಪ್ಪಾ ಒಂದು ಗಾಡಿಯ ಮೇಲೆ ಎಂದರೆ, ಅದಕ್ಕೆ ಕಾರಣವನ್ನು ಆರ್ಡಿಸ್ ಒಬ್ಬಳೇ ಬಲ್ಲಳು. ವರ್ಲಿನ್ ಮನೆಯಲ್ಲಿ ಮಾತಾಡುವ ಗಂಡಸಲ್ಲ. ಹಾಲಿನ ಡೈರಿಯ ಲಾರಿ ಓಡಿಸಿ ಬರುತ್ತಿದ್ದ, ಉಣ್ಣುತ್ತಿದ್ದ, ಹವಾಮಾನದ ವರದಿ ಕೇಳಿ ಮಲಗುತ್ತಿದ್ದ. ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ಮಕ್ಕಳ ಗದ್ದಲ ಕೇಳಿ ಬಂದವಳು, ಮನೆಯಲ್ಲಿ ಗಡಿಯಾರದ ಸದ್ದು ಕೇಳಬೇಕು. ಆದರೆ ಅದೇ ಗಂಡಸು ಕೆರೆಯ ದಡದಲ್ಲಿ, ಕ್ಯಾನ್ವಾಸಿನ ಗೋಡೆಯ ನಡುವೆ ಮಲಗಿಕೊಂಡರೆ ಮಾತಾಡುತ್ತಿದ್ದ. ತಮಗೆ ಮಕ್ಕಳಾಗುವುದಿಲ್ಲ ಎಂದು ಗೊತ್ತಾದ ಸಂಕಟವನ್ನು ಅವನು ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಅಮ್ಮ ಸತ್ತು ಇಡೀ ಚಳಿಗಾಲ ತುಟಿ ಬಿಚ್ಚದವನು ಬೇಸಿಗೆ ಬಂದ ಮೇಲೆ ಗೋಳೋ ಎಂದು ಅತ್ತದ್ದೂ ಅಲ್ಲಿ. ಅವರ ಸಂಸಾರದಲ್ಲಿ ದೊಡ್ಡ ಮಾತು ಯಾವುದಿದ್ದರೂ ಅದು ಬೇಸಿಗೆಗೆ ಕಾಯಬೇಕಿತ್ತು. ಯಾಕೆಂದು ಅವಳು ಕೇಳಲಿಲ್ಲ. ಕೇಳಿದರೆ ಅದೂ ನಿಂತುಹೋದೀತು ಎಂದು ಹೆದರಿದ್ದಳು.

ಆ ವರ್ಷ ವರ್ಲಿನ್‌ನ ಗುಂಡಿಗೆ ಕೈಕೊಟ್ಟಿತು. ಕಾಲು ಊದಿಕೊಳ್ಳುತ್ತಿತ್ತು, ಅಂಗಳ ದಾಟುವಷ್ಟರಲ್ಲಿ ಏದುಸಿರು. ಡಾಕ್ಟರು ಭಾರ ಎತ್ತಬೇಡ, ಹಿಡಿ ಗಿಡಿ ತಿರುಗಿಸಬೇಡ ಎಂದರು. ಮುಂದಿನ ಬೇಸಿಗೆಗೆ ಕೆರೆಗೆ ಹೋಗಬಹುದಾ ಎಂದು ಆರ್ಡಿಸ್ ಕೇಳಿದಾಗ, "ನೋಡೋಣ" ಎಂದು ಕನ್ನಡಕ ಒರೆಸಿಕೊಂಡರು. ವರ್ಲಿನ್ ಕಾರಿನಲ್ಲಿ ವಾಪಸು ಬರುತ್ತಾ ಜೋಳ ಈ ಸಲ ಚೆನ್ನಾಗಿ ಬಂದಿದೆ ಎಂದ. ಸಾವಿನ ಮಾತು ಅವನ ಬಾಯಲ್ಲಿ ಬರಲಿಲ್ಲ, ಅವಳ ಬಾಯಲ್ಲೂ ಬರಲಿಲ್ಲ. ಅವಳು ಮನಸ್ಸಿನಲ್ಲಿ ಒಂದೇ ಆಸೆ ಗಂಟು ಹಾಕಿಕೊಂಡಳು. ಮೇ ತಿಂಗಳಲ್ಲಿ ಒಂದು ಸಲ, ಒಂದೇ ಒಂದು ಸಲ, ಇವನನ್ನು ಆ ಡೇರೆಯೊಳಗೆ ಮಲಗಿಸಬೇಕು. ಅಲ್ಲಿ ಅವನು ಮಾತಾಡುತ್ತಾನೆ. ಹೋಗುವ ಮುಂಚೆ ಒಂದು ಸಲ ತನ್ನ ಹತ್ತಿರ ಮಾತಾಡಿ ಹೋಗಲಿ.

ಹಾಗಾಗಿ ಆ ಸಲ ಡೇರೆಗಾಡಿಯನ್ನು ಚಳಿಗಾಲಕ್ಕೆ ಕಟ್ಟಿಡುವ ಕೆಲಸ ಅವಳ ತಲೆಗೆ ಬಂತು. ಕೆರೆಯ ದಡದಲ್ಲಿದ್ದ ಗಾಡಿಯನ್ನು ತರಲು ಹೋದ ದಿನವೇ ಮಳೆ ಹಿಡಿಯಿತು. ಅದೇನೂ ಹೊಸದಲ್ಲ, ಒದ್ದೆಯಾಗಿಯೇ ಮಡಚಿ ತಂದು ಅಂಗಳದಲ್ಲಿ ಬಿಚ್ಚಿ ಒಣಗಿಸುವುದು ಎಲ್ಲರೂ ಮಾಡುವ ಕೆಲಸ. ಆದರೆ ಅಂಗಳಕ್ಕೆ ಬಂದ ಮೇಲೂ ಮಳೆ ಬಿಡಲಿಲ್ಲ. ಹಾಳಾದ್ದು, ದಿನಾ ಬೆಳಿಗ್ಗೆ ನೋಡಿದರೆ ಅದೇ ಮೋಡ, ಅದೇ ಜಿಟಿಜಿಟಿ. ಒಂದು ಮಧ್ಯಾಹ್ನ ತುಸು ಬಿಟ್ಟಿತೆಂದು ಆರ್ಡಿಸ್ ಓಡಿಹೋಗಿ ಡೇರೆ ಎತ್ತಿ, ಮನೆಯಲ್ಲಿದ್ದ ಟವೆಲ್ಲನ್ನೆಲ್ಲ ತಂದು ಒರೆಸಿ, ಕೂದಲು ಒಣಗಿಸುವ ಮಷೀನನ್ನೂ ಹಿಡಿದಳು. ಅದು ಆನೆಯ ಮೈಯನ್ನು ಕರ್ಚೀಫಿನಲ್ಲಿ ಒರೆಸಿದ ಹಾಗಾಯಿತು. ಮತ್ತೆ ಮಳೆ ಬಂತು.

ಮನೆಯಲ್ಲಿ ಅದನ್ನಿಡಲು ಶೆಡ್ಡಿಲ್ಲ. ಹೊರಗೆ ಬಿಟ್ಟರೆ ಹಿಮದ ಭಾರಕ್ಕೆ ಮುಚ್ಚಳ ಮುರಿಯುತ್ತದೆ. ಅದಕ್ಕೇ ಊರಿನವರೆಲ್ಲ ಜಿಲ್ಲಾ ಪ್ರದರ್ಶನದ ಮೈದಾನದಲ್ಲಿ ಬೇಸಿಗೆಯಲ್ಲಿ ಹಸು ಕಟ್ಟುವ ಉದ್ದನೆಯ ಕೊಟ್ಟಿಗೆಗೆ ತಮ್ಮ ಗಾಡಿ, ದೋಣಿಗಳನ್ನು ತಂದು ಬಿಡುತ್ತಾರೆ. ಅಕ್ಟೋಬರಿನ ಒಂದೇ ಶನಿವಾರ ಅದರ ಬಾಗಿಲು ತೆರೆಯುವುದು. ಮೊದಲು ಬಂದದ್ದು ಒಳಗಿನ ಗೋಡೆಗೆ, ಆಮೇಲೆ ಬಂದದ್ದು ಅದರ ಮುಂದೆ, ಹೀಗೆ ಬೆಕ್ಕೂ ನುಸುಳದಂತೆ ತುಂಬಿ ಬೀಗ ಹಾಕಿದರೆ ಮತ್ತೆ ತೆಗೆಯುವುದು ಮೇ ತಿಂಗಳಲ್ಲೇ. ಆ ಶನಿವಾರವೂ ಮಳೆ. ಆರ್ಡಿಸ್ ಬೇರೆಯವರು ಬಂದು ನೋಡುವ ಮೊದಲೇ ಮುಗಿಸಿಬಿಡೋಣ ಎಂದು ಎಲ್ಲರಿಗಿಂತ ಮುಂಚೆ ಹೋದಳು. ಗಾಡಿ ಕೊಟ್ಟಿಗೆಯ ಕಟ್ಟಕಡೆಯ ಗೋಡೆಗೆ ಹೋಗಿ ನಿಂತಿತು.

ಮನೆಗೆ ಬಂದಾಗ ವರ್ಲಿನ್ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದ.

"ಡೇರೆ ಒಣಗಿತ್ತಾ?" ಎಂದ.

ಇಲ್ಲ ಎಂದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಈ ಮುದುಕ ಬೂಟು ಹಾಕಿಕೊಂಡು ಮಳೆಯಲ್ಲೇ ಮೈದಾನಕ್ಕೆ ಹೋಗುತ್ತಾನೆ, ತಾನೇ ಹಿಡಿ ತಿರುಗಿಸುತ್ತಾನೆ, ಅಲ್ಲೇ ಬೀಳುತ್ತಾನೆ.

"ಗರಿಗರಿ ಒಣಗಿತ್ತು" ಎಂದಳು.

"ಸರಿ" ಎಂದ ವರ್ಲಿನ್, ಕಿಟಕಿಯ ಕಡೆ ತಿರುಗಿ ಕೂತ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಕ್ಷಣಕ್ಕೆ ಅವಳಿಗೆ ದೊಡ್ಡ ಗಂಡಾಂತರ ತಪ್ಪಿಸಿದ ನೆಮ್ಮದಿ. ಸಂಜೆಯ ಹೊತ್ತಿಗೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಶುರುವಾಯಿತು. ಊಟ ಮಾಡುತ್ತಾ ಕೂತರೂ ಬಟ್ಟೆ ತೊಳೆಯುತ್ತಾ ನಿಂತರೂ ಅವಳ ಕಣ್ಣ ಮುಂದೆ ಆ ಕತ್ತಲ ಪೆಟ್ಟಿಗೆ, ಅದರೊಳಗೆ ಪದರ ಪದರವಾಗಿ ಒದ್ದೆ ಬಟ್ಟೆ. ಹಿಮ ಬಿದ್ದು ಎಲ್ಲ ಕಲ್ಲಾದಾಗ ಮಾತ್ರ ಕೊಂಚ ಉಸಿರು ಬಂತು. ಕೊರೆಯುವ ಚಳಿಯಲ್ಲಿ ಬೂಷ್ಟೂ ಮಲಗಿರುತ್ತದೆ ಎಂದು ಯಾರೋ ಹೇಳಿದ್ದನ್ನು ನೆನಪಿಸಿಕೊಂಡು ಸಮಾಧಾನ ಮಾಡಿಕೊಂಡಳು. ಬೇರೆಯವರೆಲ್ಲ ಚಳಿಯನ್ನು ಬೈಯುತ್ತಿದ್ದರೆ ಇವಳೊಬ್ಬಳು ಇನ್ನಷ್ಟು ಬೀಳಲಿ ಎಂದು ಹರಸುತ್ತಿದ್ದಳು.

ಕ್ರಿಸ್ಮಸ್ ಕಳೆದ ಮೇಲೆ ಒಂದು ದಿನ ವರ್ಲಿನ್ ಸೂಪು ಕುಡಿಯುತ್ತಾ ಚಮಚ ಕೆಳಗಿಟ್ಟ.

"ಆ ಡೇರೆ ಒಣಗಿತ್ತು ತಾನೆ?"

"ಒಣಗಿತ್ತು ಅಂದ್ನಲ್ಲೋ! ಎಷ್ಟು ಸಲ ಹೇಳ್ಲಿ? ಸೂಪು ಆರಿಹೋಗ್ತಿದೆ, ಕುಡಿ."

"ಸರಿ ಸರಿ" ಎಂದು ಅವನು ಮತ್ತೆ ಚಮಚ ಎತ್ತಿಕೊಂಡ. ಸೂಪನ್ನು ಅರ್ಧಕ್ಕೇ ಬಿಟ್ಟ, ಅವಳು ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಿದಳು.

ಫೆಬ್ರವರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸೆಕೆ ಬಂತು. ಮಾಡಿನ ಹಿಮ ಕರಗಿ ತೊಟ್ಟಿಕ್ಕತೊಡಗಿತು. ಊರಿಗೆಲ್ಲ ಖುಷಿ, ಆರ್ಡಿಸ್‌ಗೆ ದಿಗಿಲು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಅವಳು ಆಲೂಗೆಡ್ಡೆಯ ತೆಳು ರೊಟ್ಟಿ ಲಟ್ಟಿಸಿ, ಬೆಣ್ಣೆ ಸಕ್ಕರೆ ಸವರಿ, ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಮೈದಾನದ ಕಡೆ ಹೊರಟಳು. ಅಲ್ಲಿಯ ಕಾವಲುಗಾರ ಡಾಮಿನಿಕ್ ಫನೆಲ್ಲಿ ಶಿಕಾಗೋದಿಂದ ಬಂದವನು, ದೊಡ್ಡ ದನಿಯವನು, ಮನಸ್ಸಿಗೆ ಬಂದದ್ದು ಬಾಯಿಗೆ ಬರುವ ಮನುಷ್ಯ. ನಾರ್ಬಿಯವರಿಗೆ ಅವನೆಂದರೆ ಕೊಂಚ ಭಯ.

"ಏನ್ ಮೇಡಂ, ಈ ಕೆಸರಲ್ಲಿ ಬಂದ್ರಿ?"

"ಏನಿಲ್ಲಪ್ಪ, ಹೀಗೇ. ರೊಟ್ಟಿ ಮಾಡಿದ್ದೆ. ಕೊಟ್ಟಿಗೆ ಹೇಗಿದೆ? ಇಲಿ ಗಿಲಿ ಕಾಟ ಏನಾದ್ರೂ?"

ಅವನು ದಡ್ಡನಲ್ಲ. "ಒಳಗೆ ಏನೋ ಬಿಟ್ಟಿದೀರಾ? ಗಾಡಿ ಬೇಕಾಗಿತ್ತಾ? ಹೇಳಿ, ಟ್ರ್ಯಾಕ್ಟರ್ ಇಲ್ಲೇ ಇದೆ. ಮುಂದಿರೋವನ್ನ ಎಳೆದು ನಿಮ್ಮದನ್ನ ಹೊರಗೆ ತಂದುಕೊಡ್ತೀನಿ."

ಅಯ್ಯೋ, ಅವಳು ಕೇಳಬೇಕೆಂದಿದ್ದ ಮಾತೇ ಅದು! ಆದರೆ ನಾರ್ಬಿಯಲ್ಲಿ ಹುಟ್ಟಿದವರಿಗೆ ಒಂದು ಶಾಪವಿದೆ. ಯಾರಾದರೂ ಏನಾದರೂ ಕೊಡುತ್ತೇನೆಂದರೆ ಮೊದಲ ಸಲ ಬೇಡ ಎನ್ನಬೇಕು, ಅದು ಮರ್ಯಾದೆ. ಎರಡನೇ ಸಲವೂ ಬೇಡ ಎನ್ನಬೇಕು, ಅದು ಸಂಕೋಚ. ಮೂರನೇ ಸಲ ಕೇಳಿದರೆ, "ಅಷ್ಟು ಹೇಳ್ತಿದೀರಿ, ಆಯ್ತು, ನಿಮಗೆ ತೊಂದರೆ ಆಗಲ್ಲ ಅಂದ್ರೆ" ಎಂದು ಒಪ್ಪಬೇಕು. ಕೇಳುವವನಿಗೂ ಇದು ಗೊತ್ತಿರುತ್ತದೆ, ಅವನು ಮೂರು ಸಲ ಕೇಳಿಯೇ ಕೇಳುತ್ತಾನೆ. ಒಂದು ಲೋಟ ಕಾಫಿಗೂ ಇಲ್ಲಿ ಇದೇ ಆಟ.

"ಛೆ ಛೆ, ಬೇಡಪ್ಪ" ಎಂದಳು ಆರ್ಡಿಸ್.

"ಯಾಕ್ ಬೇಡ? ನಂಗೂ ಕೂತು ಕೂತು ಬೇಜಾರಾಗಿದೆ. ಮಧ್ಯಾಹ್ನದೊಳಗೆ ಆಗೋಗುತ್ತೆ."

"ಅಯ್ಯೋ, ನಿಮಗ್ಯಾಕೆ ಸುಮ್ನೆ ತೊಂದರೆ. ಬೇಡ ಬೇಡ."

ಹೇಳಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಾ ನಿಂತಳು. ಮೇಲಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. ಕೇಳು ಮಾರಾಯ, ಇನ್ನೊಂದು ಸಲ ಕೇಳು.

"ಓ, ಹಾಗಾದ್ರೆ ಸರಿ ಬಿಡಿ" ಎಂದ ಫನೆಲ್ಲಿ, ಒಂದು ರೊಟ್ಟಿಯನ್ನು ಸುರುಳಿ ಸುತ್ತಿ ಬಾಯಿಗೆ ಹಾಕಿಕೊಂಡ. "ಆಹಾ, ಏನ್ ರುಚಿ ಮೇಡಂ!"

ಶಿಕಾಗೋದವರಿಗೆ ಬೇಡ ಎಂದರೆ ಬೇಡ. ಪಾಪ, ಅವನದೇನು ತಪ್ಪು.

ವರ್ಲಿನ್‌ನ ಅಕ್ಕ ಬೋರ್ಘಿಲ್ಡ್‌ಗೆ ಮಾತ್ರ ಈ ಗುಟ್ಟನ್ನು ಆರ್ಡಿಸ್ ಹೇಳಿಕೊಂಡಳು. ಬೋರ್ಘಿಲ್ಡ್ ಬಾಯಿ ಜೋರಿನ ಹೆಂಗಸು, ತಮ್ಮನಿಗೆ ಬಡಿಸಲೆಂದು ಓವನ್ನಿನಲ್ಲಿ ಬೇಯಿಸಿ ತಂದಿದ್ದ ಮೀನಿನ ಪಾತ್ರೆಯನ್ನು ಟಪ್ಪೆಂದು ಮೇಜಿನ ಮೇಲಿಟ್ಟಳು.

"ಲೇ, ಬುದ್ಧಿ ಇದೆಯಾ ನಿಂಗೆ? ಆ ಫನೆಲ್ಲಿಗೇನು ನಮ್ಮ ರೀತಿ ರಿವಾಜು ಗೊತ್ತು? ನಾಳೆ ಹೋಗಿ ನೇರ ಕೇಳು, ತೆಗೆದುಕೊಡಪ್ಪ ಅಂತ."

"ಹೇಗೆ ಕೇಳ್ಲಿ ಬೋರ್ಘಿಲ್ಡ್? ಬೇಡ ಅಂತ ಎರಡು ಸಲ ಬಾಯ್ಬಿಟ್ಟು ಹೇಳಿದೀನಿ. ಏನು, ಹೆಂಗಸಿಗೆ ತಲೆ ಕೆಟ್ಟಿದೆ ಅಂದ್ಕೊಳ್ಳಲ್ವಾ?"

"ಅಂದ್ಕೊಳ್ಳಲಿ ಬಿಡು!"

"ಅಷ್ಟೇ ಅಲ್ಲ. ಮುಂದಿರೋ ದೋಣಿ ಎಲ್ಲ ಊರವರದ್ದು. ಅವನ್ನ ಎಳೆಸಿದ್ರೆ ನಾಳೆ ಹೋಟೆಲಿನಲ್ಲಿ ಅದೇ ಮಾತು, ವರ್ಲಿನ್ ಡೇರೆ ಒದ್ದೆ ಮಡಚಿದ್ರಂತೆ ಅಂತ. ಅದು ಅವನ ಕಿವಿಗೆ ಬೀಳುತ್ತೆ. ನಾನು ಸುಳ್ಳು ಹೇಳ್ದೆ ಅಂತ ಗೊತ್ತಾಗುತ್ತೆ."

"ಹಾಗಾದ್ರೆ ನೀನೇ ಹೇಳಿಬಿಡು ಅವನಿಗೆ. ಈಗ್ಲೇ ಹೋಗಿ ಹೇಳು. ನನ್ನ ತಮ್ಮ ನಿನ್ನ ನುಂಗಲ್ಲ."

ಆರ್ಡಿಸ್ ಹೇಳುತ್ತೇನೆ ಎಂದಳು. ಎರಡು ಹೆಜ್ಜೆ ಅವನ ಕೋಣೆಯ ಕಡೆಗೆ ಇಟ್ಟಳು ಕೂಡ. ಅವನು ಕಣ್ಣು ಮುಚ್ಚಿ ಮಲಗಿದ್ದ, ಎಬ್ಬಿಸುವುದು ಬೇಡ ಎಂದು ವಾಪಸು ಬಂದಳು. ಅಷ್ಟರಲ್ಲಿ ಸೆಕೆ ಹೋಗಿ ಮತ್ತೆ ಹಿಮ ಬಿತ್ತು, ಕೊಟ್ಟಿಗೆಯ ಬಾಗಿಲು ಅರ್ಧ ಹೂತುಹೋಯಿತು. ಮಾರ್ಚಿನಲ್ಲಿ ವರ್ಲಿನ್ ಆಸ್ಪತ್ರೆ ಸೇರಿದ. ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ಇರಲಿ ಎಂದು ಡಾಕ್ಟರು ವಾಪಸು ಕಳಿಸಿದರು. ಮುಂದಿನ ಕೋಣೆಯಲ್ಲಿ, ಕಿಟಕಿಯ ಹತ್ತಿರ ಅವನ ಮಂಚ ಬಂತು.

ಅವನು ಮೇ ತಿಂಗಳವರೆಗೆ ಉಳಿಯುತ್ತಾನೆ ಎಂದು ಡಾಕ್ಟರು ನಂಬಿರಲಿಲ್ಲ, ಬೋರ್ಘಿಲ್ಡ್ ನಂಬಿರಲಿಲ್ಲ. ಉಳಿದ. ಮೂಳೆ ಚಕ್ಕಳವಾಗಿ, ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಾ, ಹಟ ಹಿಡಿದವನ ಹಾಗೆ ಉಳಿದ. ಕೊಟ್ಟಿಗೆ ತೆರೆಯುವ ದಿನ ಬಂದಾಗ ಅವನೇ ಕೇಳಿದ.

"ಇವತ್ತು ತರ್ತಾರೆ ಅಲ್ವಾ?"

"ತರ್ತಾರೆ. ಆದ್ರೆ ಕೆರೆ ತನಕ ಹೋಗೋಕೆ..."

"ಕೆರೆ ತನಕ ಈ ಜೀವ ಬರಲ್ಲ. ಅಂಗಳದಲ್ಲೇ ಎತ್ತು. ನಾನು ಇಲ್ಲಿಂದ ನೋಡ್ತೀನಿ."

ಫನೆಲ್ಲಿ ತನ್ನ ಗಾಡಿಗೆ ಕಟ್ಟಿ ಎಳೆದು ತಂದು, ಕಿಟಕಿಯ ಎದುರಿಗೇ ನಿಲ್ಲಿಸಿ, ವರ್ಲಿನ್‌ಗೆ ಟೋಪಿ ಎತ್ತಿ ತೋರಿಸಿ ಹೋದ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಬಿಳಿ ಮುಚ್ಚಳ ಬಿಸಿಲಿಗೆ ಹೊಳೆಯುತ್ತಿತ್ತು. ಆರ್ಡಿಸ್ ಒಳಗೆ ಬಂದು, ಗಾಳಿ ಇದೆ, ನಾಳೆ ಎತ್ತೋಣ ಎಂದಳು. ವರ್ಲಿನ್ "ಎತ್ತು" ಎಂದ.

ಅವಳು ಹೋಗಿ ಹಿಡಿ ತಿರುಗಿಸಿದಳು. ಮುಚ್ಚಳ ಒಂದು ಗೇಣು ಎದ್ದಿತೋ ಇಲ್ಲವೋ, ವಾಸನೆ ಬಂತು. ಕೊಳೆತ ಆಲೂಗೆಡ್ಡೆ ಮೂಟೆಯ ಬಾಯಿ ಬಿಚ್ಚಿದ ಹಾಗೆ. ದೇವರೇ, ಒಂದು ಮೂಲೆಯಾದರೂ ಉಳಿದಿರಲಪ್ಪ, ಅವನೊಬ್ಬ ಮಲಗುವಷ್ಟು. ಇನ್ನೂ ತಿರುಗಿಸಿದಳು. ಕ್ಯಾನ್ವಾಸು ಕಪ್ಪಗೆ, ಹಸಿರಾಗಿ, ಅಲ್ಲಲ್ಲಿ ಬಿಳಿ ನವಿರೆದ್ದು ಮೇಲೆ ಬಂತು. ಮಡಿಕೆ ಬಿದ್ದಿದ್ದ ಕಡೆ ತನ್ನಷ್ಟಕ್ಕೆ ಹರಿಯುತ್ತಾ ಬಂತು, ಸದ್ದೂ ಆಗಲಿಲ್ಲ. ಮಂಚ ಎಳೆದಾಗ ಒಂದು ಇಡೀ ಗೋಡೆ ಕಳಚಿ ಅವಳ ತೋಳಿನ ಮೇಲೆ ಬಿತ್ತು, ಒದ್ದೆ ಚಿಂದಿಯ ಹಾಗೆ. ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಅವಳು ನಿಂತಳು. ಕಿಟಕಿಯಲ್ಲಿ ವರ್ಲಿನ್‌ನ ಮುಖ ಹಾಗೆಯೇ ಇತ್ತು.

ಕೈ ತೊಳೆದು ಒಳಗೆ ಬಂದಳು. ವಾಸನೆ ಹೋಗಿರಲಿಲ್ಲ.

"ಅವತ್ತು ಇಡೀ ದಿನ ಮಳೆ ಬರ್ತಿತ್ತು, ಆರ್ಡಿಸ್" ಎಂದ ವರ್ಲಿನ್. "ನನ್ನ ಎದೆ ಕೆಟ್ಟಿದೆ. ಕಿವಿ ಕೆಟ್ಟಿಲ್ಲ."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ಯಾಕೆ ಬಾಯಿ ಮುಚ್ಕೊಂಡಿದ್ದೆ? ಒಂದು ಮಾತು ಅಂದಿದ್ರೆ ಆ ಫನೆಲ್ಲಿ ಕಾಲು ಹಿಡಿದಾದ್ರೂ ತೆಗೆಸ್ತಿದ್ದೆ ನಾನು! ಚಳಿಗಾಲ ಪೂರ್ತಿ ಒಳಗೊಳಗೇ ಸತ್ತಿದೀನಿ."

ಅವನಿಗೆ ಉಸಿರು ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು. ಆಮೇಲೆ ಅವನು ಆಡಿದಷ್ಟು ಮಾತನ್ನು ಮನೆಯೊಳಗೆ ಅವಳು ಎಂದೂ ಕೇಳಿರಲಿಲ್ಲ.

"ಎರಡು ಸಲ ಕೇಳ್ದೆ. ಎರಡು ಸಲಾನೂ ನೀನು ಒಣಗಿತ್ತು ಅಂದೆ. ನಾನು ಯೋಚನೆ ಮಾಡ್ದೆ, ಒದ್ದೆ ಡೇರೆನ ಗೊತ್ತಿದ್ದೂ ಯಾರು ಮಡಚಿಡ್ತಾರೆ? ಮತ್ತೆ ಬಿಚ್ಚೋ ಯೋಚನೆ ಇಲ್ದೋರು. ನಾನು ಬೇಸಿಗೆ ನೋಡಲ್ಲ ಅಂತ ಡಾಕ್ಟ್ರು ನಿಂಗೆ ಹೇಳಿರ್ಬೇಕು, ಇವಳು ಮನಸ್ಸು ಗಟ್ಟಿ ಮಾಡ್ಕೊಂಡಿದಾಳೆ ಅಂದ್ಕೊಂಡೆ. ತಪ್ಪು ಅಂತಿಲ್ಲ ನಾನು. ಯಾರಾದ್ರೂ ಹಾಗೇ ಮಾಡ್ತಾರೆ."

"ಅಲ್ಲ ವರ್ಲಿನ್!" ಅವಳು ಮಂಚದ ಪಕ್ಕ ಕುಸಿದು ಅವನ ಕೈ ಹಿಡಿದುಕೊಂಡಳು. "ದೇವರಾಣೆ ಅಲ್ಲ. ನಿಂಗೆ ಗೊತ್ತಾದ್ರೆ ಮಳೇಲಿ ಹೋಗಿ ಬಿದ್ದು ಸಾಯ್ತೀಯ ಅಂತ ಸುಳ್ಳು ಹೇಳ್ದೆ. ಈ ಮೇ ತಿಂಗಳು ಒಂದಕ್ಕೇ ಕಾಯ್ತಿದ್ದೆ ಕಣೋ ನಾನು. ನೀನು ಅದರಲ್ಲಿ ಮಲಗ್ಬೇಕು, ನನ್ನ ಹತ್ರ ಮಾತಾಡ್ಬೇಕು ಅನ್ನೋದು ಬಿಟ್ರೆ ಬೇರೆ ಏನೂ ಕೇಳ್ಕೊಂಡಿಲ್ಲ. ಒಂದು ದಿನಾನೂ ನೀನು ಹೋಗ್ತೀಯ ಅಂತ ಲೆಕ್ಕ ಹಾಕಿಲ್ಲ."

ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೇಳಿದ್ದು ಅಷ್ಟೂ ನಿಜ. ವರ್ಲಿನ್ ಅವಳನ್ನೇ ನೋಡುತ್ತಾ ಪೂರ್ತಿ ಕೇಳಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ.

"ಒಣಗಿತ್ತು ಅಂದಾಗ್ಲೂ ನೀನು ಹೀಗೇ, ನನ್ನ ಮುಖ ನೋಡ್ಕೊಂಡೇ ಹೇಳಿದ್ದೆ" ಎಂದ.

ಅವಳ ಕೈಯೊಳಗಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಕಂಬಳಿಯೊಳಗೆ ಇಟ್ಟುಕೊಂಡ. ಆ ವಾರ ಕಳೆಯುವುದರೊಳಗೆ ಅವನು ಹೋದ. ಅಲ್ಲಿಯತನಕ ನೀರು ಬೇಕು, ದಿಂಬು ಸರಿಮಾಡು ಎಂಬುದು ಬಿಟ್ಟರೆ ಅವನು ಬೇರೇನೂ ಹೇಳಲಿಲ್ಲ.